ಗ್ಯಾರೇಜಿನಲ್ಲಿ ನೋಯದ ಬೂಟು

ನನ್ನ ಕಾಲು ಸರಿಯಾಗಿಯೇ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕಳೆದ ಚಳಿಗಾಲ ಪೂರ್ತಿ ಎಲ್ಲರೂ ನನ್ನ ಕಾಲಿನಲ್ಲೇ ಏನೋ ಐಬಿದೆ ಎಂಬಂತೆ ಮಾತಾಡಿದರು. ಅಂಗಡಿಯವನು ಮಾತಾಡಿದ, ಹೆಂಡತಿ ಮಾತಾಡಿದಳು, ಇಟಾಸ್ಕಾದ ಆಫೀಸಿನಲ್ಲಿ ನನ್ನ ಪಕ್ಕ ಕೂರುವವನೂ ಸೇರಿಕೊಂಡ. ಐವತ್ತು ದಾಟಿದ ಮೇಲೂ ಒಂದು ದಿನವೂ ಕೈಕೊಡದೆ ನನ್ನನ್ನು ಹೊತ್ತ ಕಾಲುಗಳಿವು. ಮೈಸೂರಿನಲ್ಲಿ ಕಾಲೇಜು ಮುಗಿಯುವವರೆಗೂ ಹವಾಯಿ ಚಪ್ಪಲಿಯಲ್ಲೇ ಓಡಾಡಿದವು. ಬೆರಳುಗಳಿಗೆ ಬೇಕಾದಷ್ಟು ಜಾಗ ಸಿಕ್ಕಿತು, ಅಗಲವಾಗಿ ಹರಡಿಕೊಂಡು ಬೆಳೆದವು. ಇದರಲ್ಲಿ ತಪ್ಪೇನಿದೆ?

ಬೂಟಿನ ರಗಳೆ ಶುರುವಾದದ್ದು ಮಗಳಿಂದ. ಅವಳು ಓದು ಮುಗಿಸಿ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿವೆ. ಚಳಿಗಾಲ ಬಂತೆಂದರೆ ಸ್ನೇಹಿತರ ಜೊತೆ ಮಿಷಿಗನ್ನಿನ ಉತ್ತರದ ತುದಿಗೆ ಸ್ಕೀಯಿಂಗಿಗೆ ಹೋಗುತ್ತಾಳೆ. ನಾವು ಕಂಡಂಥ ಸ್ಕೀಯಿಂಗ್ ಅಲ್ಲ ಅದು. ಮೇಲಕ್ಕೆ ಕರೆದೊಯ್ಯುವ ಲಿಫ್ಟ್ ಇರುವುದಿಲ್ಲ. ಸ್ಕೀಗಳ ಅಡಿಗೆ ಜಾರದಿರುವ ಪಟ್ಟಿ ಅಂಟಿಸಿಕೊಂಡು ಕಾಡಿನೊಳಗೆ ಗಂಟೆಗಟ್ಟಲೆ ಗುಡ್ಡ ಹತ್ತಬೇಕು, ಮೇಲೆ ಹೋದಮೇಲೆ ಪಟ್ಟಿ ಕಿತ್ತು ಇಳಿಯಬೇಕು. ಅವಳು ಚಿಕ್ಕವಳಿದ್ದಾಗ ಭಾನುವಾರಗಳಲ್ಲಿ ವಿಸ್ಕಾನ್ಸಿನ್ನಿನ ಸಣ್ಣ ದಿಬ್ಬಗಳಿಗೆ ಸ್ಕೀ ಕ್ಲಾಸಿಗೆಂದು ಕರೆದುಕೊಂಡು ಹೋಗುತ್ತಿದ್ದವನು ನಾನು. ಬೇರೆ ಅಪ್ಪಂದಿರು ಒಳಗೆ ಕಾಫಿ ಕುಡಿಯುತ್ತಿದ್ದರೆ ನಾನೂ ಬಿದ್ದು ಎದ್ದು ಕಲಿತೆ. ಹಾಗಾಗಿ ನನಗೆ ಗಂಧಗಾಳಿ ಗೊತ್ತಿಲ್ಲ ಎಂದು ಯಾರೂ ತಿಳಿಯಬೇಕಿಲ್ಲ.

ನವೆಂಬರಿನಲ್ಲಿ ಒಂದು ದಿನ ಫೋನಿನಲ್ಲಿ ಮಗಳು ಕೇಳಿದಳು: "ಅಪ್ಪ, ಫೆಬ್ರವರಿಯಲ್ಲಿ ನನ್ನ ಜೊತೆ ಗುಡ್ಡ ಹತ್ತೋಕೆ ಬರ್ತೀಯಾ?" ಅವಳು ಕೇಳಿದ್ದು ಇಂಗ್ಲಿಷಿನಲ್ಲಿ. ಅವಳ ಮಾತೆಲ್ಲ ಇಂಗ್ಲಿಷೇ, ಇಲ್ಲಿ ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಮನೆ ಬಿಟ್ಟುಹೋದ ಮೇಲೆ ಅವಳು ತಾನಾಗಿ ನನ್ನನ್ನು ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಅವಳಮ್ಮನ ಜೊತೆ ಅಡುಗೆ ಕೇಳಲು ಮಾತಾಡುತ್ತಾಳೆ, ನನ್ನ ಜೊತೆ ಕಾರಿನ ಟೈರಿನ ಬಗ್ಗೆ ಮಾತಾಡುತ್ತಾಳೆ. ಅಷ್ಟೇ ಆಗಿತ್ತು ನಮ್ಮ ನಡುವೆ. ಹಾಗಾಗಿ ನನಗೆ ಎಷ್ಟು ಸಂತೋಷವಾಯಿತೆಂದರೆ ಯಾವ ತಾರೀಖು ಎಂದೂ ಕೇಳಲಿಲ್ಲ. ಬರುತ್ತೇನೆ ಎಂದೆ.

"ಆದರೆ ಬೂಟ್ ಸರಿಯಾಗಿ ಕೂರಬೇಕು," ಎಂದಳು. "ಆನ್‌ಲೈನ್ ತರಿಸಬೇಡ, ಯಾರದೋ ಹಳೇದು ಇಸ್ಕೊಳ್ಳಬೇಡ. ಹೋದ ವರ್ಷ ಒಬ್ಬನಿಗೆ ಅರ್ಧ ದಾರಿಯಲ್ಲಿ ಹಿಮ್ಮಡಿ ಚರ್ಮ ಕಿತ್ತುಬಂತು, ಎಲ್ಲರೂ ವಾಪಸ್ ಬರಬೇಕಾಯ್ತು. ಬೂಟ್ ಸರಿ ಇಲ್ಲ ಅಂದರೆ ನೀನು ಬರೋ ಹಾಗಿಲ್ಲ."

ನಮ್ಮ ಮನೆಗೆ ಹತ್ತಿರ, ಓಕ್ ಬ್ರೂಕ್ ಕಡೆಯ ಒಂದು ಸ್ಕೀ ಅಂಗಡಿಗೆ ಹೋದೆ. ಬೂಟು ಕೂರಿಸುವುದಕ್ಕೆಂದೇ ಅಲ್ಲೊಬ್ಬ ಗಡ್ಡದ ಮನುಷ್ಯನಿದ್ದ. ಸೈಜ್ ಕೇಳಿದ, ಒಂಬತ್ತೂವರೆ ಎಂದೆ. ಈ ಬೂಟುಗಳಿಗೆ ಆ ಲೆಕ್ಕ ನಡೆಯುವುದಿಲ್ಲವಂತೆ, ಪಾದದ ಉದ್ದವೇ ಸೆಂಟಿಮೀಟರಿನಲ್ಲಿ ಸೈಜಂತೆ. ಅಳತೆಹಲಗೆಯ ಮೇಲೆ ನಿಲ್ಲಿಸಿ ನೋಡಿ, ಇಪ್ಪತ್ತಾರೂವರೆ ಎಂದ. ಅಂದರೆ ನೀವು ಇಷ್ಟು ವರ್ಷ ಒಂದು ಸೈಜ್ ದೊಡ್ಡ ಶೂ ಹಾಕುತ್ತಿದ್ದೀರಿ ಎಂದು ನಕ್ಕ. ಹೌದು, ಹಾಕುತ್ತಿದ್ದೆ. ಚಪ್ಪಲಿಯಾಗಲಿ ಶೂ ಆಗಲಿ, ಒಂದು ಸೈಜ್ ದೊಡ್ಡದೇ ಇರಲಿ ಎಂದು ಕೊಡಿಸುವ ಮನೆಯಲ್ಲಿ ಬೆಳೆದವನು ನಾನು. ಅದರಲ್ಲಿ ನಗುವಂಥದ್ದೇನೂ ಇಲ್ಲ.

ಬೂಟಿನೊಳಗಿನ ಮೆತ್ತನೆಯ ಒಳಬೂಟನ್ನು ಹೊರಗೆಳೆದು, ಬರೀ ಪ್ಲಾಸ್ಟಿಕ್ ಚಿಪ್ಪಿನಲ್ಲಿ ನನ್ನ ಕಾಲಿಡಿಸಿದ. ಬೆರಳು ಮುಂದಕ್ಕೆ ತಾಗಿಸಿ ನಿಲ್ಲಿಸಿ, ಹಿಮ್ಮಡಿಯ ಹಿಂದೆ ಬೆರಳು ತೂರಿಸಿ ಜಾಗ ನೋಡಿದ. ಉದ್ದ ಸರಿಯಾಗಿದೆ ಎಂದ. ಆಮೇಲೆ ಒಳಬೂಟು ಹಾಕಿ, ಬಕಲ್ ಬಿಗಿದ. ಮುಂಗಾಲು ಅಡಕೊತ್ತಿನಲ್ಲಿ ಸಿಕ್ಕಿಕೊಂಡಂತಾಯಿತು. ಹೇಳಿದೆ. ಅವನು ತಲೆಯಾಡಿಸಿ, "ನಿಮ್ಮ ಪಾದ ಅಬ್ನಾರ್ಮಲ್ ಅಗಲ," ಎಂದ.

ನನಗೆ ಪಿತ್ತ ನೆತ್ತಿಗೇರಿತು. ಯಾರ ಪಾದಕ್ಕೆ ಹೋಲಿಸಿದರೆ ಅಬ್ನಾರ್ಮಲ್? ಯಾವನೋ ಒಬ್ಬ ಸಣಕಲ ಕಾಲಿನವನನ್ನು ನಿಲ್ಲಿಸಿಕೊಂಡು ಅಚ್ಚು ತೆಗೆದು, ಅದೇ ಮನುಷ್ಯರ ಪಾದ ಎಂದು ತೀರ್ಮಾನ ಮಾಡಿದವರು ಇವರು. ನಮ್ಮೂರಿನ ಯಾವುದೇ ಬಸ್ ಸ್ಟಾಂಡಿನಲ್ಲಿ ಹತ್ತು ನಿಮಿಷ ನೆಲ ನೋಡುತ್ತ ನಿಂತರೆ ನಾರ್ಮಲ್ ಪಾದ ಹೇಗಿರುತ್ತದೆಂದು ಗೊತ್ತಾಗುತ್ತದೆ. ಇದನ್ನೆಲ್ಲ ಅವನಿಗೆ ಹೇಳಿಯೂ ಹೇಳಿದೆ. ಅವನು ಕೇಳಿಸಿಕೊಂಡ, ಆಮೇಲೆ ಬೂಟುಗಳು ಹೀಗೇ ಬರುವುದು ಎಂದ.

ಹಾಗಾದರೆ ಒಂದು ಸೈಜ್ ದೊಡ್ಡದು ಕೊಡು ಎಂದೆ. ಕೊಡುವುದಿಲ್ಲ ಎಂದ. ದೊಡ್ಡದು ಹಾಕಿದರೆ ಹತ್ತುವಾಗ ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಮೇಲೇಳುತ್ತದಂತೆ, ಉಜ್ಜಿ ಉಜ್ಜಿ ಗಾಯವಾಗುತ್ತದಂತೆ. ಉದ್ದ ಸರಿಯಿರುವುದನ್ನೇ ತೆಗೆದುಕೊಳ್ಳಬೇಕು, ಅಗಲ ಸಾಲದ ಕಡೆ ಅವನು ಪ್ಲಾಸ್ಟಿಕ್ ಬಿಸಿ ಮಾಡಿ ಹೊರಕ್ಕೆ ಉಬ್ಬಿಸಿ ಕೊಡುತ್ತಾನೆ. "ಆದರೆ ಎಲ್ಲಿ ಅಂತ ನೀವು ಹೇಳಬೇಕು. ಎರಡು ವಾರ ದಿನಾ ಸಂಜೆ ಒಂದು ಗಂಟೆ ಮನೆಯೊಳಗೆ ಹಾಕಿಕೊಂಡು ಓಡಾಡಿ. ಎಲ್ಲಿ ನೋಯುತ್ತೋ ನೋಡಿಕೊಂಡು ಬನ್ನಿ," ಎಂದ.

ಮನೆಯೊಳಗೆ ಎಂದು ಅವನು ಸಲೀಸಾಗಿ ಹೇಳಿಬಿಟ್ಟ. ನಮ್ಮ ಮನೆ ಅವನಿಗೇನು ಗೊತ್ತು?

ನನ್ನ ಹೆಂಡತಿ ಧಾರವಾಡದವಳು. ವೆಸ್ಟ್‌ಮಂಟಿನ ನಮ್ಮ ಮನೆಯಲ್ಲಿ ನಾನು ಮುಂಬಾಗಿಲಿನ ಬೆಂಚಿನ ಮೇಲೆ ಕೂತು ಬಕಲ್ ಹಾಕುತ್ತಿರುವಾಗಲೇ ಅಡುಗೆಮನೆಯಿಂದ ಬಂದು ನಿಂತಳು.

"ಮನ್ಯಾಗ ಬೂಟ್ ಹಾಕ್ಕೊಂಡ ಅಡ್ಡಾಡವ್ರ ಏನ್ರಿ ನೀವು?"

"ಹೊಸದು ಕಣೇ. ಬೀದಿ ನೆಲ ಕೂಡ ಮುಟ್ಟಿಲ್ಲ."

"ಅಂಗಡ್ಯಾಗ ಯಾರ್ಯಾರ ಕಾಲ ಹಾಕಿ ನೋಡ್ಯಾರೋ. ಹೊಸಾದಿರಲಿ ಹಳೇದಿರಲಿ, ಬೂಟಂದ್ರ ಬೂಟ. ದೇವರ ಮುಂದ ತರಬ್ಯಾಡ್ರಿ."

ನಮ್ಮ ಮನೆಯಲ್ಲಿ ದೇವರಮನೆ ಎಂದರೆ ದಿನಸಿ ಇಡುವ ಪ್ಯಾಂಟ್ರಿಯ ಎರಡು ಶೆಲ್ಫು. ಇಲ್ಲಿನ ಮನೆಗಳಿಗೆ ಗೋಡೆಗಳೇ ಇಲ್ಲ, ಮುಂಬಾಗಿಲಿನಿಂದ ಹಿಂಬಾಗಿಲಿನವರೆಗೂ ಒಂದೇ ಬಯಲು. ಎಲ್ಲಿ ನಿಂತರೂ ದೇವರ ಮುಂದೆಯೇ. ಬೇಸ್‌ಮೆಂಟಿಗೆ ಹೋಗಲೇ ಎಂದು ಕೇಳಿದೆ. "ಅಲ್ಲೆ ಹೀಟರ್ ಬಾಜೂಕ ಸಂಡಿಗಿ ಒಣಗಸಾಕ ಇಟ್ಟೇನಿ," ಎಂದಳು. ಸಂಡಿಗೆಯ ಮಧ್ಯೆ ಬೂಟು ಹಾಕಿಕೊಂಡು ತಿರುಗುವುದು ನನ್ನಿಂದಲೂ ಆಗುವ ಮಾತಲ್ಲ. ಪ್ಲಂಬರ್ ಬಂದರೆ ಬಾಗಿಲಲ್ಲೇ ತಡೆದು ಶೂ ಬಿಚ್ಚಿಸುವವನು ನಾನೇ. ನಿಜ ಹೇಳಬೇಕೆಂದರೆ ರಗ್ಗಿನ ಮೇಲೆ ಬೂಟುಗಾಲು ಇಡುವುದನ್ನು ನೆನೆದರೇ ನನಗೂ ಮೈ ಜುಮ್ಮೆನ್ನುತ್ತದೆ. ಆದರೂ ಆ ಹೊತ್ತಿಗೆ ಅವಳ ಮೇಲೆ ಸಿಟ್ಟು ಬಂತು.

ಉಳಿದದ್ದು ಗ್ಯಾರೇಜು. ಡಿಸೆಂಬರ್ ತಿಂಗಳು, ಹೊರಗೆ ಹದಿನೈದು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಕಲ್ಲಾಗುವುದಕ್ಕಿಂತಲೂ ಕೆಳಗಿನ ಚಳಿ, ಗ್ಯಾರೇಜಿನಲ್ಲಿ ಅದಕ್ಕಿಂತ ಒಂದಿಷ್ಟು ಮೇಲು. ಸಂಜೆ ಆಫೀಸಿನಿಂದ ಬಂದವನು ಜಾಕೆಟ್ ಹಾಕಿಕೊಂಡು, ಟೋಪಿ ಹಾಕಿಕೊಂಡು, ಆ ಬೂಟುಗಳಲ್ಲಿ ಮಿನಿವ್ಯಾನಿನ ಸುತ್ತ ಟಕ್ ಟಕ್ ಎಂದು ಪ್ರದಕ್ಷಿಣೆ ಹಾಕಿದೆ. ಹಿಮ ತೆಗೆಯಲು ಹೊರಗೆ ಬಂದ ಪಕ್ಕದ ಮನೆಯವರು ಗ್ಯಾರೇಜಿನ ಕಿಟಕಿಯಲ್ಲಿ ನನ್ನನ್ನು ನೋಡಿಯೂ ನೋಡದ ಹಾಗೆ ಒಳಗೆ ಹೋದರು. ಮೊದಲ ಐದು ಹತ್ತು ನಿಮಿಷ ಕಿರುಬೆರಳಿನ ಕಡೆ ಕಚ್ಚುತ್ತಿತ್ತು, ಆಮೇಲೆ ಏನೂ ಇಲ್ಲ. ದಿನಾ ಹಾಗೆಯೇ. ಹೊಸ ಚಪ್ಪಲಿ ನಾಲ್ಕು ದಿನ ಕಚ್ಚಿ ಆಮೇಲೆ ತಾನಾಗಿ ಬಗ್ಗುವುದನ್ನು ಕಂಡವನಲ್ಲವೇ ನಾನು, ಇದೂ ದಾರಿಗೆ ಬಂತು ಎಂದುಕೊಂಡೆ.

ಎರಡು ವಾರದ ನಂತರ ಅಂಗಡಿಗೆ ಹೋದೆ. ಎಲ್ಲಿ ನೋಯುತ್ತದೆ ಎಂದು ಕೇಳಿದ. ಎಲ್ಲೂ ಇಲ್ಲ ಎಂದೆ. ಅವನು ಹುಬ್ಬೇರಿಸಿ ಮತ್ತೆ ಕೇಳಿದ. ನನ್ನ ಕಾಲು ಅಬ್ನಾರ್ಮಲ್ ಅಲ್ಲವೆಂದು ಮೊದಲೇ ಹೇಳಿದ್ದೆನಲ್ಲ ಎಂದೆ. ಬೂಟು ಎತ್ತಿಕೊಂಡು ಗೆದ್ದವನ ಹಾಗೆ ಹೊರಗೆ ಬಂದೆ.

ಫೆಬ್ರವರಿಯ ಆ ಶುಕ್ರವಾರ ರಜೆ ಹಾಕಿ ಟ್ರಾಯ್‌ಗೆ ಡ್ರೈವ್ ಮಾಡಿದೆ. ಮರುದಿನ ಬೆಳಗ್ಗೆ ಅಲ್ಲಿಂದ ಎಲ್ಲರೂ ಉತ್ತರಕ್ಕೆ ಹೊರಡುವುದೆಂದಾಗಿತ್ತು. ಬಾಗಿಲು ತೆರೆದ ಮಗಳು ನನ್ನ ಬ್ಯಾಗ್ ಇಸಿದುಕೊಂಡು ಶೂ ಹಾಕಿಕೊಂಡೇ ಕಾರ್ಪೆಟ್ಟಿನ ಮೇಲೆ ನಡೆದುಹೋದಳು. ನಾವು ಬೆಳೆಸಿದ ಮಗು ಇದೇನಾ? ಬಂದ ತಕ್ಷಣ ಜಗಳ ಬೇಡವೆಂದು ನುಂಗಿಕೊಂಡೆ. ಅನ್ನ, ಸಾರು ಮಾಡಿದ್ದಳು. ಊಟವಾದ ಮೇಲೆ ತಾನು ಪ್ಯಾಕ್ ಮಾಡುತ್ತ, "ಬೂಟ್ ಹಾಕ್ಕೊಂಡು ಇಲ್ಲೇ ಓಡಾಡು, ನೋಡ್ತೀನಿ," ಎಂದಳು.

ಅವಳ ಮನೆ ಬೆಚ್ಚಗಿತ್ತು. ಹೊಟ್ಟೆ ತುಂಬಿತ್ತು. ಕಾಲು ಗಂಟೆಯಲ್ಲಿ ನನ್ನ ಕಾಲುಗಳು ಆ ಚಿಪ್ಪಿನೊಳಗೆ ಹಿಟ್ಟು ಹುದುಗು ಬಂದಂತೆ ಉಬ್ಬತೊಡಗಿದವು. ಕಿರುಬೆರಳಿನ ಕಡೆಯಿಂದ ಶುರುವಾದ ನೋವು ಅಂಗಾಲಿಗೆ ಹರಡಿ ಮೊಣಕಾಲಿನವರೆಗೆ ಸೆಳೆಯಿತು. ಹಲ್ಲು ಕಚ್ಚಿಕೊಂಡು ಓಡಾಡಿದೆ. ನೋಯುತ್ತಿದೆ ಎಂದರೆ ನಾಳೆ ನನ್ನನ್ನು ಕರೆದೊಯ್ಯುವುದಿಲ್ಲ ಎಂಬುದು ಗೊತ್ತಿತ್ತು.

"ನೋವಾಗ್ತಿದೆಯಾ?" ಎಂದು ಕೇಳಿದಳು.

"ಇಲ್ಲಪ್ಪ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. "ಏನೂ ಇಲ್ಲ, ಫಸ್ಟ್ ಕ್ಲಾಸ್ ಇದೆ," ಎಂದೆ.

ಅವಳು ಕೈಲಿದ್ದ ಬಟ್ಟೆ ಕೆಳಗಿಟ್ಟು, ನನ್ನನ್ನು ಸೋಫಾದ ಮೇಲೆ ಕೂರಿಸಿ, ಮುಂದೆ ಮಂಡಿಯೂರಿ ಕೂತು ಬಕಲ್ ಬಿಚ್ಚಿದಳು. ಕಾಲು ಹೊರಗೆ ಬರಲಿಲ್ಲ. ಎರಡು ಕೈಯಲ್ಲಿ ಹಿಡಿದು ಎಳೆದಳು. ಸಾಕ್ಸ್ ತೆಗೆದರೆ ಪಾದದ ಪಕ್ಕವೆಲ್ಲ ಕೆಂಪು, ಕಿರುಬೆರಳು ನೇರಳೆಹಣ್ಣಿನ ಬಣ್ಣ.

"ಇದನ್ನ ಮನೆಯಲ್ಲಿ ಎಲ್ಲಿ ಹಾಕ್ಕೊಂಡು ನೋಡಿದೆ?"

ಗ್ಯಾರೇಜಿನಲ್ಲಿ ಎಂದೆ. ಯಾಕೆ ಎಂದು ಕೇಳಲಿಲ್ಲ, ಅವಳಿಗೆ ನಮ್ಮ ಮನೆ ಗೊತ್ತು. "ಮರಗಟ್ಟಿದ ಕಾಲಿಗೆ ನೋವು ಹೇಗೆ ಗೊತ್ತಾಗಬೇಕು ಅಪ್ಪ?" ಎಂದಳು.

ನಾನು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಮನೆಯೊಳಗೆ ಬಿಡದ ಅವಳಮ್ಮನನ್ನು ಬೈದೆ, ಗಟ್ಟಿಸಿ ಕೇಳದ ಅಂಗಡಿಯವನನ್ನು ಬೈದೆ, ಸಣಕಲ ಕಾಲಿಗೆ ಬೂಟು ಮಾಡುವವರ ವಂಶವನ್ನೇ ಬೈದೆ. ಪ್ಲಾಸ್ಟಿಕ್ ಉಬ್ಬಿಸುವ ಅಂಗಡಿ ಇಲ್ಲೂ ಇರಬೇಕು, ಬೆಳಗ್ಗೆ ಮಾಡಿಸಿಕೊಂಡು ಹೊರಡೋಣ, ಎರಡು ಗಂಟೆ ತಡವಾದರೆ ನಿನ್ನ ಸ್ನೇಹಿತರೇನೂ ಸಾಯುವುದಿಲ್ಲ ಎಂದೆ.

ಮಗಳು ನನ್ನ ಪಾದವನ್ನು ಇನ್ನೂ ಕೈಲಿ ಹಿಡಿದುಕೊಂಡೇ ಇದ್ದಳು. "ಬೂಟಿನ ಮಾತಲ್ಲ. ಬೂಟ್ ರಿಪೇರಿ ಮಾಡಿಸಬಹುದು. ನಾನು ಎರಡು ಸಲ ಕೇಳಿದೆ, ಎರಡು ಸಲಾನೂ ಇಲ್ಲ ಅಂದೆ. ಅಲ್ಲಿ ಹಿಮದಲ್ಲಿ ಕೇಳಿದಾಗಲೂ ಇಲ್ಲ ಅಂತೀಯ. ಆಮೇಲೆ ನಿನ್ನನ್ನ ಕೆಳಗಿಳಿಸಬೇಕಾದವಳು ನಾನು. ನಾಳೆ ನೀನು ಬರ್ತಿಲ್ಲ."

ಮೈಯೆಲ್ಲ ಉರಿದುಹೋಯಿತು. ನಾನು ಸ್ಕೀ ಮೇಲೆ ನಿಲ್ಲಿಸಿ ಕಲಿಸಿದ ಹುಡುಗಿ ನನಗೆ ಬರಬೇಡ ಎನ್ನುತ್ತಿದ್ದಾಳೆ. "ನಮ್ಮ ಮನೇಲಿ ಸಣ್ಣಪುಟ್ಟ ನೋವನ್ನೆಲ್ಲ ಹೇಳ್ಕೊಂಡು ತಿರುಗೋ ಅಭ್ಯಾಸ ಯಾರಿಗೂ ಇಲ್ಲ," ಎಂದೆ.

"ಗೊತ್ತಪ್ಪ," ಎಂದಳು. ಕನ್ನಡದಲ್ಲಿ. "ನಾನೂ ಹೇಳ್ಲಿಲ್ಲ."

ಏನನ್ನು ಎಂದು ಕೇಳಿದೆ. ಅವಳು ತನ್ನ ಹರಕುಮುರುಕು ಕನ್ನಡದಲ್ಲೇ, ಮಧ್ಯೆ ಮಧ್ಯೆ ಇಂಗ್ಲಿಷಿಗೆ ಹೋಗಿ ಬಂದು ಹೇಳಿದಳು. ಇಲ್ಲಿಗೆ ಬಂದ ಮೊದಲ ಚಳಿಗಾಲ ಅವಳಿಗೆ ಯಾರೂ ಇರಲಿಲ್ಲವಂತೆ. ಆಫೀಸಿನಲ್ಲಿ ಒಬ್ಬರೂ ಊಟಕ್ಕೆ ಕರೆಯುತ್ತಿರಲಿಲ್ಲವಂತೆ. ಸಂಜೆ ಬಂದವಳು ಶೂ ಬಿಚ್ಚುವುದಕ್ಕೂ ಮನಸ್ಸಾಗದೆ, ಕೋಟು ಹಾಕಿಕೊಂಡೇ ಈ ಕಾರ್ಪೆಟ್ಟಿನ ಮೇಲೆ ಕೂತು ಅಳುತ್ತಿದ್ದಳಂತೆ. ಶೂ ಹಾಕಿಕೊಂಡು ಒಳಗೆ ಬರುವುದು ಆಗಿನಿಂದ ಬಂದ ಅಭ್ಯಾಸವಂತೆ. "ನೀವು ಫೋನ್ ಮಾಡಿ ಹೇಗಿದೀಯ ಅಂತ ಕೇಳಿದಾಗೆಲ್ಲ, ಪರವಾಗಿಲ್ಲ, ಚೆನ್ನಾಗಿದೀನಿ ಅಂತಿದ್ದೆ," ಎಂದಳು.

ನಾನು ಕೂಗಾಡುವುದನ್ನು ನಿಲ್ಲಿಸಿದೆ. ಸಿಟ್ಟು ಮಾತ್ರ ಹೋಗಲಿಲ್ಲ. ಇನ್ನೊಂದು ಕಾಲನ್ನೂ ಬೂಟಿನಿಂದ ಬಿಡಿಸಿಕೊಂಡು ಅವಳ ಮುಂದೆ ಚಾಚಿ, ಇಲ್ಲಿ ನೋವು, ಇಲ್ಲಿ, ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಎಂದು ಬೆರಳಿಟ್ಟು ತೋರಿಸಿದೆ. ಎಲ್ಲೆಲ್ಲಿ ಉಬ್ಬಿಸಬೇಕೆಂದು ಅಂಗಡಿಯವನಿಗೆ ಗೊತ್ತಾಗಲೆಂದು ಅವಳು ಆ ಜಾಗಗಳಿಗೆ ಸರಿಯಾಗಿ ಬೂಟಿನ ಹೊರಗೆ ಟೇಪಿನ ಚೂರು ಅಂಟಿಸಿದಳು.

ಬೆಳಗ್ಗೆ ಅವಳ ಸ್ಕೀಗಳನ್ನು ನಾನೇ ಎತ್ತಿಕೊಂಡು ಹೋಗಿ ಕಾರಿನ ಮೇಲೆ ಕಟ್ಟಿದೆ. ಅವಳು ಕಿಟಕಿ ಇಳಿಸಿ ಕಾಲು ಹೇಗಿದೆ ಎಂದು ಕೇಳಿದಳು. ನೋಯುತ್ತಿದೆ, ಎರಡೂ ಎಂದೆ. ಮಾರ್ಚ್ ಕೊನೆಯವರೆಗೂ ಅಲ್ಲಿ ಹಿಮ ಇರುತ್ತದೆ, ಬೂಟು ಸರಿ ಮಾಡಿಸಿಕೊಂಡು ಒಂದು ಶನಿವಾರ ಖಾಲಿ ಇಟ್ಟುಕೋ ಎಂದಳು. ಆಗ ನಾನು, "ನೀನು ಈಗ ಹೇಗಿದೀಯ?" ಎಂದು ಕೇಳಿದೆ.

"ಈಗ ಪರವಾಗಿಲ್ಲ ಅಪ್ಪ," ಎಂದಳು. "ಈಗ ನಿಜವಾಗ್ಲೂ ಪರವಾಗಿಲ್ಲ."

ಕಾರು ರಸ್ತೆಗೆ ಸೇರಿ ತಿರುಗುವವರೆಗೂ ಪಾರ್ಕಿಂಗಿನಲ್ಲಿ ನಿಂತಿದ್ದೆ. ನನ್ನ ಸ್ವಂತ ಮಗಳ ಮಾತು, ನಂಬಬೇಕೋ ಬೇಡವೋ ನನಗೆ ಗೊತ್ತಾಗಲಿಲ್ಲ.