ಕಂಪ್ಯೂಟರ್ ಬೇಡ ಅಂದಿತ್ತು, ನಾನೂ ಅಂದಿದ್ದೆ

ಬನಹಟ್ಟಿಯ ನಮ್ಮ ಅಂಗಡಿಯ ಕಂಪ್ಯೂಟರ್ ಅವತ್ತು ನನಗಿಂತ ಗಟ್ಟಿಯಾಗಿ ಮಾತಾಡಿತ್ತು. ಪರದೆಯ ಮೂಲೆಯಲ್ಲಿ ಕೆಂಪು ಚೌಕ ತೆರೆದು, ಈ ಮೇಲ್ ಜೊತೆ ಬಂದ ಫೈಲಿನಲ್ಲಿ ವೈರಸ್ ಇದೆ, ತೆಗೆದು ಬೇರೆ ಇಟ್ಟಿದ್ದೇನೆ ಎಂದು ಬರೆದು ತೋರಿಸಿತು. ಅದನ್ನು ಓದಬಲ್ಲವರು ಅಂಗಡಿಯಲ್ಲಿ ಇಬ್ಬರಿದ್ದೆವು, ನಾನು ಮತ್ತು ನನ್ನ ಗಂಡ. ಇಬ್ಬರೂ ಓದಿದೆವು. ಆಮೇಲೆ ಆದದ್ದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ನಮ್ಮದು ಸೀರೆಗೆ ಡಿಸೈನ್ ಮಾಡಿಕೊಡುವ ಅಂಗಡಿ. ಓಣಿಯ ಮಗ್ಗಗಳಿಗೆ ಬೇಕಾದ ಅಂಚಿನ ದಡಿ, ಸೆರಗು ಎಲ್ಲ ಇಲ್ಲಿಂದಲೇ ಹೋಗುತ್ತವೆ. ಅವೆಲ್ಲ ನನ್ನ ಮಾವನವರು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು, ಒಂದೊಂದೇ ಚೌಕ ತುಂಬಿ, ಜೀವಮಾನವಿಡೀ ಬರೆದವು. ನಾನು ಮುಧೋಳದಿಂದ ಸೊಸೆಯಾಗಿ ಬರುವ ಹೊತ್ತಿಗೆ ಅವರ ಕೈ ನಡುಗತೊಡಗಿತ್ತು, ಹೊಸದನ್ನು ಬರೆಯುವುದು ನಿಂತಿತ್ತು. ಕಿವಿ ಮಾತ್ರ ಚುರುಕು. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತುಕೊಂಡೇ ಓಣಿಯ ಯಾವ ಮಗ್ಗದಲ್ಲಿ ಎಳೆ ಹರಿಯಿತು ಎಂದು ಸದ್ದಿನ ಮೇಲೆ ಹೇಳಿಬಿಡುತ್ತಿದ್ದರು.

ಹಾಳೆಗಳಿಗೆ ಒರಲಿ, ಅಂದರೆ ಗೆದ್ದಲು, ಹತ್ತಿತ್ತು. ಎರಡು ಬೇಸಿಗೆ ಕೂತು, ಮಣ್ಣು ಕೊಡವಿ ಕೊಡವಿ, ಅಷ್ಟನ್ನೂ ನಾನು ಸ್ಕ್ಯಾನ್ ಮಾಡಿದೆ. ಕೊನೆಯ ಹಾಳೆ ಮುಗಿದ ದಿನ ಮಾವನವರು ಪರದೆಯ ಹತ್ತಿರ ಬಂದು ನಿಂತರು.

“ಎಲ್ಲಾ ಇದರಾಗ ಬಂದಾವೇನವಾ?”

“ಬಂದಾವ್ರಿ ಮಾವಾರ. ಇನ್ನ ಎಲ್ಲಿಗೂ ಹೋಗಂಗಿಲ್ಲ.”

ಅನ್ನ ಕೊಟ್ಟ ಹಾಳೆಯನ್ನು ನಮ್ಮ ಮನೆಯಲ್ಲಿ ರದ್ದಿಗೆ ಹಾಕುವುದಿಲ್ಲ, ಒಲೆಗೂ ಹಾಕುವುದಿಲ್ಲ. ಅಮಾವಾಸ್ಯೆಯ ದಿನ ಮಗ್ಗಗಳು ನಿಂತಾಗ ಮಾವನವರು ಆ ಹಾಳೆಗಳ ಗಂಟುಗಳಿಗೆ ವಿಭೂತಿ ಹಚ್ಚಿ, ಕೃಷ್ಣೆಗೆ ಒಯ್ದು, ತಮ್ಮ ಕೈಯಾರೆ ನೀರಿಗೆ ಬಿಟ್ಟರು. ನಾನೂ ಪಕ್ಕದಲ್ಲಿ ನಿಂತಿದ್ದೆ. ಒಂದು ಗಂಟಾದರೂ ಮನೆಯಲ್ಲಿ ಇರಲಿ ಎಂದು ನನಗೆ ಹೊಳೆಯಲಿಲ್ಲ. ಎರಡು ವರ್ಷ ಕಂಪ್ಯೂಟರ್ ಕಲಿತವಳ ಬುದ್ಧಿ ಇಷ್ಟು. ಆ ಸಿಟ್ಟು ನನ್ನ ಮೇಲೇ ಇದೆ, ಅದನ್ನು ಬೇರೆಯವರಿಗೆ ಹಂಚುವುದಿಲ್ಲ.

ಅವತ್ತು ಬೆಳಿಗ್ಗೆ ಮಾವನವರು ಎಂದಿನಂತೆ ಬಾಗಿಲ ಬಳಿಯ ಕುರ್ಚಿಯಲ್ಲಿದ್ದರು, ಒಳಗೆ ದಲಾಲಿಯೊಬ್ಬ ಚಹಾ ಕುಡಿಯುತ್ತ ಕೂತಿದ್ದ. ನಮ್ಮ ಹಳೆಯ ಗಿರಾಕಿಯಾದ ಸೀರೆ ವ್ಯಾಪಾರಿಯೊಬ್ಬರ ಪರವಾಗಿ ಓಡಾಡುವವನು. ಅವನಿದ್ದಾಗಲೇ ಅದೇ ವ್ಯಾಪಾರಿಯ ಹೆಸರಿನಲ್ಲಿ ಮೇಲ್ ಬಂತು. ಹೊಸ ಡಿಸೈನ್ ಕಳಿಸಿದ್ದೇನೆ, ಕೂಡಲೇ ನೋಡಿ, ಎಂದಿತ್ತು. ಆಗಲೇ ಕೆಂಪು ಚೌಕ ಬಂದದ್ದು.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ಜಮಖಂಡಿಯಲ್ಲಿ ಕಲಿಯುವಾಗ ನಮಗೆ ಹೇಳಿಕೊಟ್ಟಿದ್ದರು. ಮೇಲ್ ಜೊತೆ ಬಂದ ಫೈಲನ್ನು ನಾವು ಮುಟ್ಟುವ ಮೊದಲು ಆಂಟಿವೈರಸ್ ಮುಟ್ಟುತ್ತದೆ. ತನಗೆ ಗೊತ್ತಿರುವ ವೈರಸ್‌ಗಳ ಗುರುತುಗಳ ಜೊತೆ ಹೋಲಿಸಿ ನೋಡುತ್ತದೆ. ತೊಳೆಯಲು ಬಂದರೆ ತೊಳೆಯುತ್ತದೆ. ಬರದಿದ್ದರೆ ಎತ್ತಿ ಒಂದು ಬೀಗದ ಕೋಣೆಗೆ ಹಾಕಿ, ಅದಿದ್ದ ಜಾಗದಲ್ಲಿ ಒಂದು ಚೀಟಿ ಇಡುತ್ತದೆ. ಸುಟ್ಟುಹಾಕುವುದಿಲ್ಲ. ಒಮ್ಮೊಮ್ಮೆ ಅದೂ ತಪ್ಪುತ್ತದೆ, ಒಳ್ಳೆಯ ಫೈಲನ್ನೂ ಹಿಡಿದುಬಿಡುತ್ತದೆ, ಅದಕ್ಕಾಗಿ ಬೀಗದ ಕೈಯನ್ನು ನಮ್ಮ ಹತ್ತಿರವೇ ಬಿಟ್ಟಿರುತ್ತದೆ. ಬಿಡಬಾರದಿತ್ತು. ನಮ್ಮಂಥವರ ಕೈಗಂತೂ ಕೊಡಲೇಬಾರದಿತ್ತು.

ದಲಾಲಿ ಪರದೆಯತ್ತ ಬಗ್ಗಿ, ಗಂಡನಿಂದ ಅದರ ಅರ್ಥ ಕೇಳಿಕೊಂಡು ನಕ್ಕ. “ಏನ್ರೀ ಸಾಹುಕಾರ, ನಮ್ಮ ಧಣ್ಯಾರ ಡಿಸೈನಿಗೆ ರೋಗ ಬಂದೈತೇನು?”

ನನ್ನ ಗಂಡನ ಮುಖ ಸಣ್ಣದಾಯಿತು. “ಅದನ್ನ ಹೊರಗ ತಗಿ,” ಅಂದ ನನಗೆ.

“ಬ್ಯಾಡ್ರಿ. ಮೊದಲ ಫೋನ್ ಹಚ್ಚಿ ಕೇಳ್ರಿ, ಅವರ ಕಳಿಸ್ಯಾರೇನಂತ.”

“ಏನಂತ ಕೇಳಲಿ? ನೀವು ಕಳಿಸಿದ್ದರಾಗ ಹುಳ ಅದಾವ ಅನ್ನಲೇನು? ಇಷ್ಟ ವರ್ಷದ ಗಿರಾಕಿ ಅವರು. ಮರ್ಯಾದಿ ಬ್ಯಾಡೇನು ಮಾತಾಡಾಕ?”

ಮರ್ಯಾದೆಯಂತೆ. ನಮ್ಮ ಕಡೆ ಗಿರಾಕಿ ಕಳಿಸಿದ್ದನ್ನು ಇದು ನಿಮ್ಮದೇನಾ ಎಂದು ಕೇಳಿದರೆ ಅವನನ್ನು ಕಳ್ಳ ಎಂದ ಹಾಗೆ. ಹೊರಗಿನವರು ಕೂತಿರುವಾಗ ಸೊಸೆ ದನಿ ಎತ್ತಿದರೆ ಮನೆತನದ ಮಾನ ಹೋದ ಹಾಗೆ. ನಾನು ಬೇಡ ಅಂದದ್ದು ಎಷ್ಟು ಮೆಲ್ಲಗೆಂದರೆ ಗಂಡನ ಕಿವಿಗೆ ಬಿಟ್ಟರೆ ಯಾರಿಗೂ ಕೇಳುವಂತಿರಲಿಲ್ಲ. ಮೌಸ್ ಬಿಟ್ಟು ಸರಿದೆ. ಅವನು ಕೂತು ಆ ಫೈಲನ್ನು ವಾಪಸ್ ತರಲು ಒತ್ತಿದ. ಖಚಿತವೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದ. ಮತ್ತೊಮ್ಮೆ ಕೇಳಿತು. ಮತ್ತೆ ಒತ್ತಿದ. ನಾನು ಎರಡನೇ ಸಲದ ಚಹಾ ಮಾಡಲು ಒಳಗೆ ಹೋದೆ.

ಚಹಾ ತಂದಾಗ ಪರದೆಯ ಮೇಲೆ ದಡಿಗಳ ಸಣ್ಣ ಚಿತ್ರಗಳು ಒಂದಾದ ಮೇಲೊಂದು ಬಿಳಿಯಾಗುತ್ತಿದ್ದವು. ಫೈಲುಗಳ ಹೆಸರುಗಳೆಲ್ಲ ಅರ್ಥವಿಲ್ಲದ ಅಕ್ಷರಗಳಾಗಿದ್ದವು. ತಟ್ಟೆ ಕೆಳಗಿಟ್ಟು ವೈರ್ ಕಿತ್ತೆ. ಇನ್ನೊಂದು ಪ್ರತಿ ಇದ್ದ ಪೆನ್‌ಡ್ರೈವ್ ಯಾವಾಗಲೂ ಕಂಪ್ಯೂಟರಿಗೆ ಚುಚ್ಚಿಯೇ ಇರುತ್ತಿತ್ತು, ಅದೂ ಹೋಗಿತ್ತು.

ಜಮಖಂಡಿಯಿಂದ ರಿಪೇರಿಯವನು ಬಂದ. ಮಧ್ಯಾಹ್ನದವರೆಗೆ ಕೂತು, ಕೈ ಝಾಡಿಸಿ ಎದ್ದ. “ವೈರಸ್ ಎಲ್ಲಾ ಫೈಲಿಗೂ ಬೀಗ ಹಾಕೈತಿ, ಬಿಡಿಸಾಕ ಬರಂಗಿಲ್ರಿ ಅಕ್ಕಾರ. ಆಂಟಿವೈರಸ್ ಹಿಡದ ಇಟ್ಟಿತ್ತಲ್ಲ, ಯಾರ ಹೊರಗ ಬಿಟ್ಟರು?” ಗಂಡ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಆ ವ್ಯಾಪಾರಿಗೆ ಆಮೇಲೆ ಫೋನ್ ಮಾಡಿದರೆ, ತಾನು ಏನನ್ನೂ ಕಳಿಸಿಯೇ ಇಲ್ಲ ಎಂದರು. “ಒಂದ ಮಾತ ಕೇಳಬೇಕಿತ್ತಲ್ರಿ, ಅದರಾಗೇನೈತಿ?” ಅಂದರು. ಸಿಟ್ಟಾಗಲೇ ಇಲ್ಲ ಅವರು. ಓಣಿಯಲ್ಲಿ ನನ್ನ ಗಂಡ ಇವತ್ತಿಗೂ ಕಂಪ್ಯೂಟರ್ ಹಳೆಯದಾಗಿತ್ತು ಎಂದು ಹೇಳಿಕೊಂಡು ತಿರುಗುತ್ತಾನೆ. ಅದು ಹಳೆಯದಾಗಿರಲಿಲ್ಲ. ತನ್ನ ಕೆಲಸವನ್ನು ನೆಟ್ಟಗೆ ಮಾಡಿತ್ತು, ಅಂಗಡಿಯಲ್ಲಿ ಅದೊಂದೇ.

ಮೂರನೆಯ ದಿನ ನಾನು ಕಸ ಗುಡಿಸುತ್ತಿರುವಾಗ ಮಾವನವರು ಬಾಗಿಲ ಬಳಿಯ ಕುರ್ಚಿಯಿಂದಲೇ ಕರೆದರು.

“ಯವ್ವಾ, ಆ ಕೆಂಪದು ಬಂದಾಗ ನೀ ಬ್ಯಾಡ ಅಂದಿದ್ದೇನು?”

“ಅಂದಿದ್ದೆ ರೀ.”

ಅವರು ಓಣಿಯ ಮಗ್ಗಗಳ ಸದ್ದಿನತ್ತ ಕಿವಿ ತಿರುಗಿಸಿದರು.

“ನಾ ಇಲ್ಲೇ ಕುಂತಿದ್ದೆ,” ಅಂದರು. “ನನಗ ಕೇಳಿಸಲಿಲ್ಲಲ್ಲ.”