ಲೀಟರಿಗೆ ಹದಿನಾಲ್ಕು

ನಮ್ಮ ಕಡೆ ಎಸ್ಟೇಟಿನವರು ಎದುರುಬದುರಾದರೆ ಮಳೆಗಾಲದಲ್ಲಿ ಕೇಳುವುದು ‘ನಿಮ್ಮಲ್ಲಿ ಎಷ್ಟು ಇಂಚು?’ ಎಂದು. ಉಳಿದ ತಿಂಗಳುಗಳಲ್ಲಿ ಕೇಳುವುದು ‘ನಿಮ್ಮ ಗಾಡಿ ಎಷ್ಟು ಕೊಡುತ್ತೆ?’ ಎಂದು. ಎರಡಕ್ಕೂ ನಿಜ ಹೇಳಿದವರನ್ನು ನಾನು ಕಂಡಿಲ್ಲ. ಮಳೆಗೆ ಹತ್ತು ಇಂಚು ಸೇರಿಸುತ್ತಾರೆ, ಮೈಲೇಜಿಗೆ ಎರಡು ಕಿಲೋಮೀಟರ್ ಸೇರಿಸುತ್ತಾರೆ. ಆಲೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ನನಗೆ ಇದನ್ನು ಕೇಳಿದಾಗೆಲ್ಲ ಮೈ ಉರಿಯುತ್ತಿತ್ತು. ಅದಕ್ಕೇ ಅಪ್ಪ ಹೊಸ ಗಾಡಿ ತಂದ ದಿನವೇ ಒಂದು ನೋಟ್‌ಬುಕ್ಕಿಗೆ ಗೆರೆ ಹೊಡೆದು ಗಾಡಿಯೊಳಗೆ ಇಟ್ಟುಬಿಟ್ಟೆ. ಡೀಸೆಲ್ ಹಾಕಿಸಿದಾಗಲೆಲ್ಲ ಮೀಟರಿನ ಅಂಕಿ ಮತ್ತು ಲೀಟರು ಅದರಲ್ಲಿ ಬರೆಯಬೇಕು ಎಂದು ನನ್ನ ಆಜ್ಞೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಜೀಪಿನಷ್ಟು ಎತ್ತರ, ಒಳಗೆ ಕೂತರೆ ಕಾರಿನ ಸುಖ, ಅಂಥ ಗಾಡಿಗಳು ಆಗಷ್ಟೇ ಸಕಲೇಶಪುರದ ರಸ್ತೆಯಲ್ಲಿ ಕಾಣಿಸಿಕೊಳ್ಳತೊಡಗಿದ್ದವು. ಮಾರಿದವರು ಲೀಟರಿಗೆ ಹದಿನಾರು ಎಂದಿದ್ದರು. ಟ್ಯಾಂಕ್ ಕುತ್ತಿಗೆವರೆಗೆ ತುಂಬಿಸಿ, ಬೆಂಗಳೂರಿಗೆ ಹೋಗಿ ಬಂದು, ಮತ್ತೆ ಕುತ್ತಿಗೆವರೆಗೆ ತುಂಬಿಸಿ ನಾನು ಭಾಗಿಸಿದಾಗ ಬಂದದ್ದು ಹದಿನಾಲ್ಕು. ಆರು ತಿಂಗಳು ಅದು ಹದಿನಾಲ್ಕರಲ್ಲೇ ಇತ್ತು. ಆಮೇಲೆ ಹದಿಮೂರಾಯಿತು. ಸುಗ್ಗಿ ಮುಗಿಯುವ ಹೊತ್ತಿಗೆ ಹನ್ನೆರಡಕ್ಕೆ ಬಂದು ನಿಂತಿತು.

ಅಪ್ಪ ಬೆಳೆಗಾರರ ಒಂದು ಕಮಿಟಿಯಲ್ಲಿದ್ದರು. ಹದಿನೈದು ದಿನಕ್ಕೊಮ್ಮೆ ಬೆಂಗಳೂರು. ಬೆಳಗೋಡಿನ ಹತ್ತಿರದ ನಮ್ಮ ಮನೆಯಿಂದ ಬೆಳಗ್ಗೆ ಐದಕ್ಕೆ ಹೊರಟರೆ ರಾತ್ರಿ ಬರುತ್ತಿದ್ದರು. ವಿಚಿತ್ರವೆಂದರೆ ಹಾಸನಕ್ಕೋ ಬೇಲೂರಿಗೋ ಹೋಗಿ ಬಂದಾಗ ಮೈಲೇಜು ನೆಟ್ಟಗಿರುತ್ತಿತ್ತು. ಬೆಂಗಳೂರಿಗೆ ಹೋದಾಗ ಮಾತ್ರ ಐದಾರು ಲೀಟರ್ ಹೆಚ್ಚು ಕುಡಿಯುತ್ತಿತ್ತು. ಏರ್ ಫಿಲ್ಟರ್ ಹೊಸದು ಹಾಕಿಸಿದೆ. ಟೈರಿನ ಗಾಳಿ ನೋಡಿಸಿದೆ. ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗಿ ಎದ್ದು, ಎಲ್ಲೂ ಸೋರುತ್ತಿಲ್ಲ ಎಂದ. ಐದು ಲೀಟರ್ ಎಂದರೆ ಸರಿಯಾಗಿ ಒಂದು ಕ್ಯಾನ್. ಕ್ಯಾನಿಗೆ ಕಾಲಿಲ್ಲ, ಯಾರೋ ಹೊತ್ತುಕೊಂಡೇ ಹೋಗಬೇಕು.

ಗಾಡಿ ಓಡಿಸುತ್ತಿದ್ದವನು ಒಬ್ಬನೇ. ಆನೇಮಹಲ್‌ನವನು, ನಲವತ್ತೈದರ ಆಸುಪಾಸು, ನಮ್ಮಲ್ಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ನನಗೆ ಡ್ರೈವಿಂಗ್ ಕಲಿಸಿದವನೂ ಅವನೇ. ಒಂದು ದಿನ ಅವನು ಗಾಡಿ ಒರೆಸುತ್ತಿದ್ದಾಗ ಹತ್ತಿರ ಹೋಗಿ, ‘ಬೆಂಗಳೂರಿಗೆ ಹೋದಾಗ ಮಾತ್ರ ಜಾಸ್ತಿ ಕುಡಿಯುತ್ತಲ್ಲ, ಯಾಕೆ?’ ಎಂದೆ. ಅವನು ಜಗಲಿಯ ಕಡೆ ನೋಡಿದ. ಅಲ್ಲಿ ಅಪ್ಪ ಪೇಪರ್ ಓದುತ್ತಿದ್ದರು. ಆಮೇಲೆ ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ ಎಂದುಕೊಂಡೆ.

ನಮ್ಮ ಊರುಗಳಲ್ಲಿ ಡ್ರೈವರ್ ಆದವನಿಗೆ ಹೆಸರೇ ಆಸ್ತಿ. ಒಬ್ಬರ ಮನೆಯಿಂದ ‘ಡೀಸೆಲ್ ಕಳ್ಳ’ ಎನ್ನಿಸಿಕೊಂಡು ಹೊರಟರೆ ಇನ್ನೊಬ್ಬರು ಕೀ ಕೊಡುವುದಿಲ್ಲ. ಅದು ನನಗೆ ಗೊತ್ತಿತ್ತು. ಅದಕ್ಕೇ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಹಾಗೆ, ನಾನೇ ಅವನ ಜೊತೆ ಹೋಗಿ ಬರುವುದೆಂದು ತೀರ್ಮಾನಿಸಿದೆ. ನ್ಯಾಯವಾಗಿ ನಡೆದುಕೊಳ್ಳುತ್ತಿದ್ದೇನೆಂಬ ಜಂಬವೂ ಇತ್ತು, ಸುಳ್ಳು ಹೇಳುವುದಿಲ್ಲ.

ಶಾಲೆಗೆ ರಜೆ ಇದ್ದ ಒಂದು ಶನಿವಾರ, ಪುಸ್ತಕ ತರಬೇಕೆಂದು ಅಪ್ಪನಿಗೆ ಹೇಳಿ ಹೊರಟೆ. ಪಂಪಿನಲ್ಲಿ ಡೀಸೆಲ್ ನೊರೆ ಇಳಿಯಲಿ ಎಂದು ನಾನೇ ಗಾಡಿಯನ್ನು ಹಿಡಿದು ಅಲ್ಲಾಡಿಸಿ, ಮತ್ತೆ ಹಾಕಿಸಿದೆ. ಪಂಪಿನವರು ನಕ್ಕರು. ಅವನು ನಗಲಿಲ್ಲ. ಅಪ್ಪ ಯಾವಾಗಲೂ ಎ.ಸಿ. ಹಾಕಿಸುತ್ತಾರೆಂದು ನಾನೂ ಹಾಕಿಸಿದೆ. ಅಪ್ಪನ ಜೊತೆ ಹೋಗುವಷ್ಟೇ ವೇಗದಲ್ಲಿ ಹೋಗು ಎಂದೆ.

‘ಆಯ್ತು ಅಕ್ಕಾರೆ,’ ಎಂದ. ಅಷ್ಟೇ ಮಾತು.

ಆಲೂರಿನ ಹತ್ತಿರ, ಕೆ. ಹೊಸಕೋಟೆ ಕಡೆಗೆ ರಸ್ತೆ ಒಡೆಯುವಲ್ಲಿ, ಗಾಡಿ ತಾನಾಗಿ ನಿಧಾನವಾಯಿತು. ಅವನ ಕೈ ಇಂಡಿಕೇಟರಿಗೆ ಹೋಗಿತ್ತು. ಥಟ್ಟನೆ ಕೈ ತೆಗೆದು ಮತ್ತೆ ವೇಗ ಏರಿಸಿದ.

‘ಇಲ್ಲೇನಿದೆ?’ ಎಂದೆ.

‘ಏನಿಲ್ಲ. ಅಭ್ಯಾಸ.’

ಕ್ಯಾನ್ ಇಳಿಯುವ ಜಾಗ ಇದೇ ಎಂದು ಗ್ಯಾರಂಟಿಯಾಯಿತು. ಅಪ್ಪ ಗಾಡಿಯಲ್ಲಿರುವಾಗ ಕ್ಯಾನ್ ಹೇಗೆ ಇಳಿಯುತ್ತದೆ ಎಂದು ಮಾತ್ರ ನಾನು ಯೋಚಿಸಲಿಲ್ಲ. ಕೋಪ ಬಂದವರಿಗೆ ಭಾಗಾಕಾರ ಬರುತ್ತದೆ, ಯೋಚನೆ ಬರುವುದಿಲ್ಲ.

ತಿಂಡಿಗೆ ಇಳಿದಾಗ ನಾನು ಕೈ ಚಾಚಿ ಕೀ ಕೇಳಿದೆ. ಒಂಬತ್ತು ವರ್ಷದಲ್ಲಿ ಅವನ ಕೈಯಿಂದ ಯಾರೂ ಕೀ ಇಸಿದುಕೊಂಡಿರಲಿಲ್ಲ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಕೀಯನ್ನು ಅಂಗಿಯ ಚುಂಗಿಗೆ ಒರೆಸಿ ಕೊಟ್ಟ. ತಿಂಡಿ ತಿನ್ನಲು ಒಳಗೆ ಬರಲಿಲ್ಲ. ಬೆಂಗಳೂರಿನಲ್ಲೂ ನಾನು ಅವನನ್ನು ಗಾಡಿಯ ಹತ್ತಿರ ಒಬ್ಬನನ್ನೇ ಬಿಡಲಿಲ್ಲ, ಪುಸ್ತಕದ ಅಂಗಡಿಯೊಳಕ್ಕೂ ಕಟ್ಟು ಹೊರುವ ನೆಪದಲ್ಲಿ ಕರೆದುಕೊಂಡು ಹೋದೆ. ವಾಪಸು ಬರುವ ದಾರಿ ಉದ್ದಕ್ಕೂ ಎ.ಸಿ. ಸದ್ದೊಂದೇ ಕೇಳುತ್ತಿತ್ತು.

ಸಂಜೆ ಅದೇ ಪಂಪು. ನಾನೂರೈವತ್ತಾರು ಕಿಲೋಮೀಟರಿಗೆ ಮೂವತ್ತೆರಡು ಲೀಟರ್ ಚಿಲ್ಲರೆ ಹಿಡಿಯಿತು. ಬಾನೆಟ್ ಮೇಲೆ ನೋಟ್‌ಬುಕ್ ಇಟ್ಟು ಭಾಗಿಸಿದೆ. ಹದಿನಾಲ್ಕು. ಮೊದಲಿನ ಹದಿನಾಲ್ಕೇ, ಕೂದಲಷ್ಟೂ ವ್ಯತ್ಯಾಸವಿಲ್ಲ.

‘ನೋಡು,’ ಎಂದೆ. ‘ಗಾಡಿ ಸರಿಯಾಗಿದೆ. ನಾನಿದ್ದರೆ ಹದಿನಾಲ್ಕು, ನಾನಿಲ್ಲದಿದ್ದರೆ ಹನ್ನೆರಡು. ಮಿಕ್ಕಿದ್ದು ಎಲ್ಲಿಗೆ ಹೋಯಿತು?’

‘ನಿಮ್ಮ ಲೆಕ್ಕ ಸರಿಯಾಗೇ ಐತೆ,’ ಎಂದ.

‘ಹಾಗಾದರೆ ಎಲ್ಲಿಗೆ ಹೋಯಿತು?’

ಅವನು ಟ್ಯಾಂಕಿನ ಮುಚ್ಚಳ ಹಾಕಿ ತಿರುಪಿದ. ಪಂಪಿನ ಗುಮಾಸ್ತ ಬಿಲ್ ಪುಸ್ತಕ ಹಿಡಿದು ಹತ್ತಿರ ಬಂದು ನಿಂತ. ಲಾರಿಯವರು ಇಬ್ಬರು ತಿರುಗಿ ನೋಡಿದರು. ಅಷ್ಟು ಜನ ನೋಡುತ್ತಿದ್ದಾರೆಂದು ನಾನು ದನಿ ತಗ್ಗಿಸಬೇಕಾಗಿತ್ತು. ತರಗತಿಯಲ್ಲಿ ಮಾತಾಡಿ ಮಾತಾಡಿ ನನ್ನ ದನಿಗೆ ತಗ್ಗುವ ಅಭ್ಯಾಸವೇ ತಪ್ಪಿತ್ತು.

‘ಧರ್ಮಸ್ಥಳದಲ್ಲಿ ಆಣೆ ಮಾಡ್ತೀಯಾ?’ ಎಂದುಬಿಟ್ಟೆ.

ನಮ್ಮ ಕಡೆ ಅದಕ್ಕಿಂತ ದೊಡ್ಡ ಮಾತಿಲ್ಲ. ಕೋರ್ಟಿಗೆ ಹೆದರದವರೂ ಮಂಜುನಾಥನ ಆಣೆಗೆ ಹೆದರುತ್ತಾರೆ. ಅವನ ಮುಖ ಬಿಳಿಚಿಕೊಂಡಿತು.

‘ಡೀಸೆಲ್ ಮುಟ್ಟಿಲ್ಲ ಅಂತ ಬೇಕಾದ್ರೆ ಈಗ್ಲೇ ಹೋಗಿ ಆಣೆ ಮಾಡ್ತೀನಿ ಅಕ್ಕಾರೆ. ಎಲ್ಲೋಯ್ತು ಅನ್ನೋದು ಮಾತ್ರ ನನ್ನ ಬಾಯಿಂದ ಬರಾಕಿಲ್ಲ.’

‘ಅರ್ಧ ಆಣೆ ಯಾವ ದೇವರಿಗೂ ಸಲ್ಲುವುದಿಲ್ಲ. ಕಳ್ಳರೇ ಹೀಗೆ ಮಾತಾಡುವುದು.’

ಕಳ್ಳ ಎಂಬ ಮಾತು ಬಂದ ಮೇಲೆ ಅವನು ಗಾಡಿಯನ್ನು ಮನೆಗೆ ತಂದು ಶೆಡ್ಡಿನಲ್ಲಿ ನಿಲ್ಲಿಸಿ, ಕೀಯನ್ನು ಜಗಲಿಯ ಮೇಲಿಟ್ಟು, ಬಸ್ಸಿಗೆ ನಡೆದುಕೊಂಡು ಹೋದ.

ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ನೋಟ್‌ಬುಕ್ ತೆರೆದು ತೋರಿಸಿದೆ. ಅಪ್ಪ ಅಂಕಿಗಳನ್ನು ನೋಡಲಿಲ್ಲ. ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು.

‘ಅವನು ಏನಂದ?’

‘ಎಲ್ಲಿಗೆ ಹೋಯಿತು ಅಂತ ಹೇಳಲಿಲ್ಲ. ಅದೇ ಸಾಕಲ್ಲ.’

‘ಒಳ್ಳೆಯವನು ಕಣಮ್ಮ ಅವನು,’ ಎಂದರು. ಮತ್ತೇನನ್ನೋ ಹೇಳುವವರ ಹಾಗೆ ತಲೆಯೆತ್ತಿದರು. ಕೈ ತೊಳೆಯಲು ಎದ್ದರು.

ಎರಡು ವಾರ ಬೇರೆ ಡ್ರೈವರ್ ಸಿಗಲಿಲ್ಲ. ಅಷ್ಟರಲ್ಲಿ ಮಾತು ಪಂಪಿನಿಂದ ಸಂತೆಗೆ, ಸಂತೆಯಿಂದ ತೋಟದಾಳುಗಳ ಲೈನಿಗೆ ಹರಡಿತ್ತು. ಅವನಿಗೆ ಯಾರೂ ಗಾಡಿ ಕೊಡುತ್ತಿಲ್ಲ, ಮರದ ಡಿಪೋದಲ್ಲಿ ಲೋಡಿಂಗಿಗೆ ಹೋಗುತ್ತಿದ್ದಾನೆ ಎಂದು ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಹೇಳಿದರು. ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿತು. ಹದಿನಾಲ್ಕು ಎಂಬ ಅಂಕಿಯನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಂಡೆ.

ಕಮಿಟಿಯ ಸಭೆ ಬಂತು. ಶಾಲೆಗೆ ರಜೆ ಹಾಕಿ ನಾನೇ ಓಡಿಸುತ್ತೇನೆ ಎಂದೆ. ಅಪ್ಪ ಬೇಡ ಎಂದರು, ಬಸ್ಸಿನಲ್ಲಿ ಹೋಗುತ್ತೇನೆ ಎಂದರು. ನಾನು ಒಪ್ಪಲಿಲ್ಲ. ಐದಕ್ಕೆ ಹೊರಟೆವು. ಮುಂದಿನ ಸೀಟಿನಲ್ಲಿ ಕೂತ ಅಪ್ಪ ಬಾಳ್ಳುಪೇಟೆ ದಾಟಿದರೂ ಬಾಗಿಲ ಮೇಲಿನ ಹಿಡಿ ಬಿಡಲಿಲ್ಲ. ನನ್ನ ಡ್ರೈವಿಂಗಿಗೆ ಹೆದರಿದ್ದಾರೆಂದು ನನಗೆ ಸಿಟ್ಟು ಬಂತು. ನಿಧಾನ ಮಾಡಿದೆ. ಹಿಡಿ ಬಿಡಲಿಲ್ಲ. ಉಸಿರು ಜೋರಾಗಿ ಕೇಳಿಸತೊಡಗಿತು, ಏರು ಹತ್ತಿ ಬಂದವರ ಉಸಿರು.

‘ಅಪ್ಪ, ಏನಾಯ್ತು?’

‘ಎಡಕ್ಕೆ ತಿರುಗಿಸು.’

ಕೆ. ಹೊಸಕೋಟೆಯ ಕಡೆ ಒಡೆಯುವ ಅದೇ ರಸ್ತೆ. ಅರ್ಧ ಮೈಲಿಯಾಚೆ ರಸ್ತೆ ಪಕ್ಕ ಒಂದು ಗೋಣಿಮರ. ಅದರ ಕೆಳಗೆ ನಿಲ್ಲಿಸು ಎಂದರು. ನಿಲ್ಲಿಸಿ ಕೀ ತಿರುಗಿಸಲು ಹೋದೆ.

‘ಆಫ್ ಮಾಡ್ಬೇಡ! ಗಾಳಿ ಬೇಕು, ತಣ್ಣಗೆ, ಮುಖಕ್ಕೆ.’

ಎ.ಸಿ. ಜೋರು ಮಾಡಿದೆ. ಅಪ್ಪ ತಾವೇ ಪಕ್ಕದ ಲಿವರ್ ಎಳೆದು ಸೀಟನ್ನು ಅರ್ಧ ಒರಗಿಸಿಕೊಂಡರು. ಕೈ ಎಲ್ಲಿಗೆ ಹೋಗಬೇಕೆಂದು ಕತ್ತಲಲ್ಲೂ ಅವರಿಗೆ ಗೊತ್ತಿತ್ತು. ಗಾಳಿಗೆ ಮುಖವೊಡ್ಡಿ ಕಣ್ಣು ಮುಚ್ಚಿದರು. ನಾನು ಆಸ್ಪತ್ರೆಗೆ ಹೋಗೋಣ ಎಂದು ಕೂಗಾಡಿದೆ. ಅವರು ಕೈ ಎತ್ತಿ ತಡೆದರು. ಹತ್ತು ನಿಮಿಷಕ್ಕೆ ಉಸಿರು ಇಳಿಯಿತು. ಆಮೇಲೆ ನಿದ್ದೆ ಬಂತು. ಎಷ್ಟೋ ದಿನಗಳ ನಿದ್ದೆ ಒಟ್ಟಿಗೆ ಬಂದ ಹಾಗೆ ಮಲಗಿದರು.

ಬೆಳಕಾಯಿತು. ನಾನು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ. ಆ ವರ್ಷವೆಲ್ಲ ಅಪ್ಪ ರಾತ್ರಿಯಿಡೀ ಜಗಲಿಯ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಕೇಳಿದರೆ, ಆನೆ ಗದ್ದೆಗೆ ಇಳಿದೀತು, ಕಾಯ್ತಿದೀನಿ ಎನ್ನುತ್ತಿದ್ದರು. ಅಮ್ಮ ಹೋಗಿ ಆರು ವರ್ಷವಾಗಿದ್ದರಿಂದ ರಾತ್ರಿ ಅವರನ್ನು ನೋಡಿಕೊಳ್ಳುವವರು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಆನೆಯೂ ಆಗಾಗ ಬರುತ್ತಿದ್ದುದರಿಂದ ನಾನು ನಂಬಿದ್ದೆ. ಮಲಗಿದರೆ ಉಸಿರು ಕಟ್ಟುವ ಮನುಷ್ಯ ಕೂತೇ ರಾತ್ರಿ ಕಳೆಯುತ್ತಿದ್ದ ಎಂಬುದು ಆ ಮರದ ಕೆಳಗೆ ತಿಳಿಯಿತು. ಇಂಜಿನ್ ಓಡುತ್ತಲೇ ಇತ್ತು. ಡೀಸೆಲ್ ಉರಿಯುತ್ತಿತ್ತು, ಮೀಟರಿನಲ್ಲಿ ಒಂದು ಕಿಲೋಮೀಟರೂ ಏರುತ್ತಿರಲಿಲ್ಲ.

ಎರಡು ಗಂಟೆಯ ಮೇಲೆ ಅಪ್ಪ ಎದ್ದರು.

‘ಬರುವಾಗಲೂ ಇಲ್ಲೇ ನಿಲ್ಲಿಸ್ತಿದ್ರಾ?’

‘ಹ್ಞೂಂ. ಇಷ್ಟೇ ಹೊತ್ತು.’

‘ನಾನು ಅವನನ್ನ ಕಳ್ಳ ಅಂದೆ ಅಪ್ಪ. ಜನದ ಮುಂದೆ ಅಂದೆ. ನೀವು ಒಂದು ಮಾತು ಹೇಳಿದ್ರೆ ಸಾಕಾಗಿತ್ತಲ್ಲ!’

‘ಹೇಳಿದ್ರೆ ಅವತ್ತೇ ನನ್ನ ಆಸ್ಪತ್ರೇಲಿ ಮಲಗಿಸ್ತಿದ್ದೆ. ತೋಟಕ್ಕೂ ಕಾಲಿಡೋಕೆ ಬಿಡ್ತಿರಲಿಲ್ಲ.’ ಸೀಟನ್ನು ನೆಟ್ಟಗೆ ಮಾಡಿಕೊಳ್ಳುತ್ತ ಹೇಳಿದರು: ‘ಯಾರಿಗೂ ಹೇಳಲ್ಲ ಅಂತ ಅವನ ಕೈಲಿ ಮಂಜುನಾಥನ ಆಣೆ ಹಾಕಿಸ್ಕೊಂಡಿದ್ದೆ. ಹೆದರಿಕೆ ಕಣಮ್ಮ. ನನ್ನ ಹೆದರಿಕೆಗೆ ಅವನು ಬಲಿಯಾದ.’

ಅಪ್ಪನ ಮೇಲೆ ನನಗೆ ಅಷ್ಟು ಕೋಪ ಹಿಂದೆಂದೂ ಬಂದಿರಲಿಲ್ಲ, ಅಷ್ಟು ಅಳುವೂ ಬಂದಿರಲಿಲ್ಲ. ಬೆಂಗಳೂರಿನ ಸಭೆ ಬಿಟ್ಟು ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೃದಯ ಸೋತಿದೆ ಎಂದರು. ಮಾತ್ರೆ ಬರೆದುಕೊಟ್ಟರು, ಇನ್ನು ಮೇಲೆ ಒರಗಿಯೇ ಮಲಗಬೇಕೆಂದರು.

ಮರುದಿನ ಆನೇಮಹಲ್‌ಗೆ ಹೋದೆ. ಅವನು ಮನೆ ಮುಂದೆ ಸೌದೆ ಒಡೆಯುತ್ತಿದ್ದ. ಗಾಡಿ ಕಂಡು ಕೊಡಲಿ ಕೆಳಗಿಟ್ಟ. ನಾನು ಎಲ್ಲವನ್ನೂ ಹೇಳಿ, ‘ತಪ್ಪಾಯಿತು, ವಾಪಸ್ ಬನ್ನಿ’ ಎಂದೆ.

‘ಬ್ಯಾಡಿ ಅಕ್ಕಾರೆ. ಕಳ್ಳ ಅಂದಿದ್ದು ಊರೆಲ್ಲ ಕೇಳೈತೆ. ಅಲ್ಲ ಅಂತ ನೀವು ಹೇಳಿದ್ದು ಇಲ್ಲಿ ನಾನೊಬ್ನೇ ಕೇಳಿದ್ದು.’

ಆಮೇಲೆ ಪಂಪಿಗೆ ಹೋಗಿ, ಅದೇ ಗುಮಾಸ್ತನ ಮುಂದೆ, ನನ್ನ ಲೆಕ್ಕ ತಪ್ಪಾಗಿತ್ತು ಎಂದು ಗಟ್ಟಿಯಾಗಿ ಹೇಳಿದೆ. ಲೆಕ್ಕದ ಟೀಚರೇ ಲೆಕ್ಕ ತಪ್ಪಿದರೆ ಹೇಗೆ ಎಂದು ಅವನು ನಕ್ಕ. ಹಾಗಾದರೆ ಡೀಸೆಲ್ ಎಲ್ಲಿಗೆ ಹೋಗುತ್ತಿತ್ತು ಎಂದೂ ಕೇಳಿದ. ಅಪ್ಪನ ವಿಷಯ ಪಂಪಿನಲ್ಲಿ ಹೇಳಲು ನನಗೂ ಬಾಯಿ ಬರಲಿಲ್ಲ.

ಆದರೆ ಆನೇಮಹಲ್‌ನಲ್ಲಿ ಆ ದಿನ, ನಾನು ಗಾಡಿ ಹತ್ತಿದಾಗ, ಅವನು ಕಿಟಕಿಯ ಹತ್ತಿರ ಬಂದ. ಕೈಗೆ ಸೌದೆಯ ಪುಡಿ ಮೆತ್ತಿತ್ತು, ಬಾಗಿಲು ಮುಟ್ಟಲಿಲ್ಲ.

‘ಯಜಮಾನ್ರು ಮಲಗ್ದಾಗ ಗಾಜು ಪೂರಾ ಏರಿಸ್ಬ್ಯಾಡಿ. ಇಂಜಿನ್ ಹೊಗೆ ಒಳಕ್ಕೆ ಸೇರ್ಕಂತದೆ. ಒಂದ್ ಬೆರಳಷ್ಟು ಇಳ್ಸಿರಿ,’ ಎಂದ. ‘ಮತ್ತೆ ನೀವು ಕಣ್ ಮುಚ್ಬ್ಯಾಡಿ. ಉಸಿರು ಆಡ್ತೈತಾ ನೋಡ್ಕಂತಾ ಇರ್ಬೇಕು. ನಾನ್ ಒಂದಿನಾನೂ ಮುಚ್ಚಿಲ್ಲ.’