ಗಂಧೆಯ ಸುತ್ತ ಒಂದು ಗೆರೆ

ಸವಣೂರಿನ ನಮ್ಮ ಓಣಿಯ ಅಂಗನವಾಡಿ ಟೀಚರ್ ದಿನವೂ ಮಕ್ಕಳ ಅಂಗಿಯ ತೋಳು ಸರಿಸಿ, ‘ಎಲ್ಲಿ, ಕೈ ತೋರ್ಸು ನೋಡೂಣು’ ಎನ್ನುತ್ತಿದ್ದರು.

ಒಂದು ದಿನ ಶೇಂಗಾ ಚಿಕ್ಕಿ ತಿಂದ ನನ್ನ ಮಗಳ ಮೈತುಂಬ ಕೆಂಪು ಗಂಧೆ ಎದ್ದವು. ಟೀಚರ್ ಅವಳನ್ನು ಎತ್ತಿಕೊಂಡು ಮನೆಗೆ ಓಡಿ ಬಂದರು. ನಮ್ಮ ಅತ್ತೆ, ‘ಅಮ್ಮ ಬಂದಾಳ, ದವಾಖಾನಿ ಬ್ಯಾಡ’ ಎಂದು ಬೇವಿನ ಸೊಪ್ಪಿಗೆ ಹೊರಟರು.

ಟೀಚರ್ ಮಗುವಿನ ತೋಳಿನ ಮೇಲೆ, ಅಂಗನವಾಡಿಯಲ್ಲೇ ಒಂದು ಗಂಧೆಯ ಸುತ್ತ ತಾವೇ ಪೆನ್ನಿನಿಂದ ಎಳೆದಿದ್ದ ದುಂಡನೆಯ ಗೆರೆ ತೋರಿಸಿದರು. ಅದರೊಳಗಿದ್ದ ಗಂಧೆ ಆಗಲೇ ಅಡಗಿ, ಪಕ್ಕದಲ್ಲಿ ಬೇರೆ ಎದ್ದಿತ್ತು.

‘ಅಮ್ಮ ಹಿಂಗ ಜಾಗಾ ಬದಲ್ಸೂದಿಲ್ಲ, ಯವ್ವಾ. ಚಿಕ್ಕಿ ನಾನ ಕೊಟ್ಟೇನಿ, ನಡೀರಿ’ ಎಂದು ನಮ್ಮನ್ನು ದವಾಖಾನೆಗೆ ಹೊರಡಿಸಿದರು.

ಮಗಳಿಗೆ ಶೇಂಗಾ ಆಗಿಬರುವುದಿಲ್ಲ ಎಂದರು ಡಾಕ್ಟರ್. ಅವಳು ಚೇತರಿಸಿಕೊಂಡು ಮತ್ತೆ ಅಂಗನವಾಡಿಗೆ ಹೋಗತೊಡಗಿದ ಮೇಲೆ ಟೀಚರ್ ಬುತ್ತಿಯಲ್ಲಿ ದಿನವೂ ಇರುತ್ತಿದ್ದ ಶೇಂಗಾ ಚಟ್ನಿ ಕಾಣಲಿಲ್ಲ. ಯಾಕೆಂದು ಕೇಳಿದೆ.

‘ಅದ ಕೈಲೇ ನಿಮ್ಮ ಕೂಸಿನ ಗಲ್ಲಾ ಹಿಡೀತೇನಲ್ರಿ.’